ವಯರಿನಲ್ಲಿ 94, ವೈಫೈನಲ್ಲಿ 150: ಆದರೂ ಟಿವಿಗೆ ವಯರೇ ಯಾಕೆ?

ಪ್ರಶ್ನೆ:

ನಾನು ಶಿವಮೊಗ್ಗದವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. 30×40 ಸೈಟಿನಲ್ಲಿ ಕೆಳಗೊಂದು, ಮೇಲೊಂದು ಅಂತಸ್ತಿನ ಮನೆ. ಫೈಬರ್ ಇಂಟರ್ನೆಟ್‌ನ ಡಬ್ಬಿ (ರೌಟರ್) ಮೇಲೆ, ಮಗ ಕೂತು ಆಫೀಸ್ ಕೆಲಸ ಮಾಡುವ ಕೋಣೆಯಲ್ಲಿದೆ. 4ಕೆ ಟಿವಿ ಕೆಳಗೆ ಹಾಲ್‌ನಲ್ಲಿದೆ. ಪ್ಲಾನ್ 200 ಎಂಬಿಪಿಎಸ್. ಸಿನಿಮಾ ಎಷ್ಟು ಹೊತ್ತು ನೋಡಿದರೂ ತೊಂದರೆಯಿಲ್ಲ. ರಾತ್ರಿ ಕ್ರಿಕೆಟ್ ಹಾಕಿದರೆ ಮಾತ್ರ ಆಗಾಗ ನಿಂತು ಚಕ್ರ ತಿರುಗುತ್ತದೆ. 15 ಮೀಟರಿನ ರೆಡಿಮೇಡ್ ಕೇಬಲ್ ತಂದು, ಮೆಟ್ಟಿಲ ಮೇಲೆ ಎಳೆದು, ಟಿವಿಗೆ ಚುಚ್ಚಿ ನೋಡಿದೆ. ಮ್ಯಾಚ್ ಒಮ್ಮೆಯೂ ನಿಲ್ಲಲಿಲ್ಲ. ಆದರೆ ಟಿವಿಯಲ್ಲೇ ಸ್ಪೀಡ್ ಟೆಸ್ಟ್ ಮಾಡಿದರೆ ವೈಫೈನಲ್ಲಿ 150 ತೋರಿಸುತ್ತದೆ, ವಯರಿನಲ್ಲಿ 94 ಮಾತ್ರ! ಇದು ಹೇಗೆ? ಎಲೆಕ್ಟ್ರಿಷಿಯನ್ ಗೋಡೆ ಕೊರೆಯಬೇಕು ಅಂತಾನೆ. ಅಂಗಡಿಯವರು ಆರು ಆಂಟೆನಾದ ವೈಫೈ 6 ರೌಟರ್ ತಗೊಳ್ಳಿ ಅಂತಾರೆ. ಮೆಟ್ಟಿಲ ಮೇಲಿನ ಕೇಬಲ್ ಇನ್ನೊಂದು ದಿನ ಇದ್ದರೆ ಕತ್ತರಿಸಿ ಹಾಕ್ತೀನಿ ಅಂತ ನಮ್ಮ ಮನೆಯವರು ಹೇಳಿದ್ದಾರೆ. ಏನು ಮಾಡಲಿ?

ಉತ್ತರ:

ಮೇಷ್ಟ್ರೇ, ಮೊದಲು ಮೆಟ್ಟಿಲ ಮೇಲಿನ ಕೇಬಲ್ ತೆಗೆಯಿರಿ. ಮನೆಯವರು ಹೇಳಿದ್ದು ಸರಿ. ಮ್ಯಾಚ್ ನಿಂತರೆ ಮತ್ತೆ ಶುರುವಾಗುತ್ತೆ, ಎಡವಿ ಸೊಂಟ ಮುರಿದರೆ ಆರು ತಿಂಗಳು.

ಇನ್ನು ವಿಷಯಕ್ಕೆ ಬರೋಣ. ನನ್ನ ಸಲಹೆ ಒಂದೇ ಮಾತಿನಲ್ಲಿ ಹೇಳುವುದಾದರೆ, ನಿಮ್ಮ ಟಿವಿಗೆ ವಯರೇ ಹಾಕಿಸಿ. ಬಹುಶಃ ಗೋಡೆ ಕೊರೆಯುವುದು ಬೇಕಾಗಲ್ಲ. ಹೊಸ ರೌಟರ್ ಕೂಡ ಸದ್ಯಕ್ಕೆ ಬೇಡ. ಆದರೆ ಆ 94 ಮತ್ತು 150ರ ಒಗಟು ಬಿಡಿಸದೆ ಮುಂದೆ ಹೋದರೆ, ನಾಳೆ ಮಗ ಬಂದು 'ಅಪ್ಪಾ, ದುಡ್ಡು ಕೊಟ್ಟು ಸ್ಪೀಡ್ ಕಡಿಮೆ ಮಾಡಿಸಿಕೊಂಡ್ಯಲ್ಲ' ಅಂದಾಗ ನೀವು ಸುಮ್ನೆ ಕೂರಬೇಕಾಗುತ್ತೆ. ಆದ್ದರಿಂದ ಅದನ್ನೇ ಮೊದಲು ನೋಡೋಣ.

94 ಬಂದದ್ದು ಕೇಬಲಿನ ತಪ್ಪಲ್ಲ. ಟಿವಿಯ ಹಿಂದೆ ಇಂಟರ್ನೆಟ್ ವಯರ್ ಚುಚ್ಚುವ ಬಾಯಿ, ಅಂದರೆ ಲ್ಯಾನ್ ಪೋರ್ಟೇ ಅಷ್ಟು. ಎಷ್ಟೋ ಟಿವಿಗಳಲ್ಲಿ, ದುಬಾರಿ ಟಿವಿಗಳಲ್ಲೂ, ಕಂಪನಿಯವರು ಇವತ್ತಿಗೂ 100 ಎಂಬಿಪಿಎಸ್ ಪೋರ್ಟ್ ಹಾಕುತ್ತಾರೆ. ಆ 100ರಲ್ಲೂ ಪೂರ್ತಿ ನಿಮ್ಮ ಕೈಗೆ ಸಿಗಲ್ಲ. ವಯರಿನಲ್ಲಿ ಡೇಟಾ ಸಣ್ಣ ಸಣ್ಣ ಕಂತುಗಳಲ್ಲಿ ಹೋಗುತ್ತದೆ. ಪ್ರತಿ ಕಂತಿಗೆ 1,538 ಬೈಟ್‌ನಷ್ಟು ಜಾಗ ಖರ್ಚಾದರೆ, ಅದರಲ್ಲಿ ನಿಮ್ಮ ವಿಡಿಯೋಗೆ ಸಿಗುವುದು 1,460 ಬೈಟ್. ಉಳಿದದ್ದು ವಿಳಾಸ, ಲೆಕ್ಕ ತಾಳೆ ನೋಡುವ ಗುರುತು, ಎರಡು ಕಂತಿನ ನಡುವಿನ ಖಾಲಿ ಜಾಗ. ಭಾಗಿಸಿ ನೋಡಿ, ನೂರಕ್ಕೆ 95ರ ಹತ್ತಿರ ಬರುತ್ತೆ. ಟಿವಿಯಲ್ಲಿ 94 ಕಂಡರೆ ಆ ಪೋರ್ಟ್ ತನ್ನ ಕೈಲಾದಷ್ಟು ಪೂರ್ತಿ ಕೊಡುತ್ತಿದೆ ಅಂತ ಅರ್ಥ. ಅದೇ ಟಿವಿಯ ಒಳಗಿನ ವೈಫೈ ಚಿಪ್‌ಗೆ ಆ ಮಿತಿ ಇಲ್ಲ. ಅದಕ್ಕೇ ಅಲ್ಲಿ 150.

ಹಾಗಾದರೆ 150 ಇದ್ದೂ ಮ್ಯಾಚ್ ಯಾಕೆ ನಿಲ್ಲುತ್ತೆ? ನೀವು ಟೆಸ್ಟ್ ಮಾಡಿದ್ದು ಎಷ್ಟು ಹೊತ್ತಿಗೆ ಅಂತ ಬರೆದಿಲ್ಲ. ಊಟ ಮುಗಿಸಿ, ಮಧ್ಯಾಹ್ನ ಎರಡೂವರೆ ಮೂರರ ಹೊತ್ತಿಗೆ ಇರಬಹುದು ಅಂತ ನನ್ನ ಊಹೆ. ಐಪಿಎಲ್ ರಾತ್ರಿ ಪಂದ್ಯ ಶುರುವಾಗುವುದು ಏಳೂವರೆಗೆ. ಆ ಹೊತ್ತಿಗೆ ನಿಮ್ಮ ಬೀದಿಯ ಅಷ್ಟೂ ಮನೆಯಲ್ಲಿ ಟಿವಿ ಹೊತ್ತಿರುತ್ತೆ, ಅಷ್ಟೂ ಮೊಬೈಲ್ ಕೆಲಸ ಮಾಡ್ತಿರುತ್ತೆ. ವೈಫೈ ಎಂದರೆ ಗಾಳಿ. ಗಾಳಿಗೆ ಕಾಂಪೌಂಡ್ ಇಲ್ಲ.

ನಿಮಗೆ ತರಗತಿಯ ಉದಾಹರಣೆಯೇ ಸರಿ. ವೈಫೈ ಓಡುವ ರೇಡಿಯೋ ದಾರಿಗೆ ಚಾನೆಲ್ ಅಂತಾರೆ. ಒಂದು ಚಾನೆಲ್ ಎಂದರೆ ಒಂದು ತರಗತಿ. ಅಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಮಾತಾಡುವ ಮುಂಚೆ ಪ್ರತಿಯೊಂದು ಸಾಧನವೂ ಬೇರೆ ಯಾರಾದರೂ ಮಾತಾಡ್ತಿದ್ದಾರಾ ಅಂತ ಕಿವಿ ಕೊಡುತ್ತೆ. ಇಲ್ಲ ಅಂದಾಗ ತಾನು ಶುರು ಮಾಡುತ್ತೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರದ್ದೂ ಕೇಳಿಸಲ್ಲ. ಇಬ್ಬರೂ ಸ್ವಲ್ಪ ಹೊತ್ತು ಕಾದು ಮತ್ತೆ ಹೇಳಬೇಕು. ಪಕ್ಕದ ಮನೆಯ ರೌಟರ್ ಅದೇ ಚಾನೆಲ್‌ನಲ್ಲಿದ್ದರೆ ಅವರ ಮಕ್ಕಳೂ ನಿಮ್ಮ ತರಗತಿಯಲ್ಲೇ ಕೂತ ಹಾಗೆ. ಇನ್ನೊಂದು ವಿಷಯ ಜನಕ್ಕೆ ಗೊತ್ತಿರಲ್ಲ. ಮೂಲೆಯಲ್ಲಿ ಕೂತು ನಿಧಾನಕ್ಕೆ ಮಾತಾಡುವ ಹುಡುಗ ಇಡೀ ತರಗತಿಯ ಸಮಯ ತಿನ್ನುತ್ತಾನೆ. ಅಡುಗೆಮನೆಯ ಮೂಲೆಯಲ್ಲಿರುವ ಹಳೇ ಟ್ಯಾಬ್ಲೆಟ್ ಒಂದು ಹಾಡು ಇಳಿಸಿಕೊಳ್ಳಲು ಹಿಡಿಯುವ ಹೊತ್ತಿನಲ್ಲಿ ನಿಮ್ಮ ಟಿವಿ ಬಾಯಿ ಮುಚ್ಚಿ ಕಾಯುತ್ತಿರುತ್ತೆ.

ವಯರಿನಲ್ಲಿ ಈ ಜಂಜಾಟ ಇಲ್ಲ. ಡಬ್ಬಿಗೂ ಟಿವಿಗೂ ನಡುವೆ ಖಾಸಗಿ ದಾರಿ. ಹೋಗುವುದಕ್ಕೆ ಒಂದು ಜೋಡಿ, ಬರುವುದಕ್ಕೆ ಇನ್ನೊಂದು ಜೋಡಿ ತಂತಿ. ಯಾರಿಗೂ ಕಾಯಬೇಕಿಲ್ಲ. ತಮಾಷೆ ಎಂದರೆ ಈ ವಯರಿನ ವಿದ್ಯೆ ಹುಟ್ಟಿದ್ದೇ ಗಾಳಿಯ ಜಗಳ ನೋಡಿ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ದ್ವೀಪಗಳ ನಡುವೆ ರೇಡಿಯೋದಲ್ಲಿ ಕಂಪ್ಯೂಟರುಗಳನ್ನು ಮಾತಾಡಿಸಿದರು. ಹೆಸರು ಅಲೋಹಾನೆಟ್. ಅದನ್ನು ಓದಿಕೊಂಡ ರಾಬರ್ಟ್ ಮೆಟ್‌ಕಾಫ್, 1973ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಅದೇ ಉಪಾಯವನ್ನು ತಂತಿಗೆ ತಂದು ಈಥರ್‌ನೆಟ್ ಅಂತ ಹೆಸರಿಟ್ಟರು. ಆಗ ತಂತಿಯಲ್ಲೂ ಎಲ್ಲರೂ ಒಂದನ್ನೇ ಹಂಚಿಕೊಳ್ಳುತ್ತಿದ್ದರು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ತಂತಿ ಬಂತು, ಜಗಳ ನಿಂತಿತು. ಗಾಳಿಯನ್ನು ಹಾಗೆ ಪಾಲು ಮಾಡಿ ಕೊಡೋದಕ್ಕೆ ಆಗಲಿಲ್ಲ.

ಸ್ಪೀಡ್ ಟೆಸ್ಟ್ ಈ ಕಾಯುವಿಕೆಯನ್ನು ತೋರಿಸಲ್ಲ. ಅದು ಒಟ್ಟಿಗೆ ಹಲವು ಕನೆಕ್ಷನ್ ತೆರೆದು, ಹತ್ತಿಪ್ಪತ್ತು ಸೆಕೆಂಡ್ ಎಳೆದು, ಸರಾಸರಿ ಹೇಳುತ್ತೆ. ನಡುವೆ ಎರಡು ಸೆಕೆಂಡ್ ಏನೂ ಬರದಿದ್ದರೂ ಸರಾಸರಿಯಲ್ಲಿ ಮುಚ್ಚಿಹೋಗುತ್ತೆ. ಒಂದು ವಿಷಯಕ್ಕೆ 100, ಇನ್ನೊಂದಕ್ಕೆ 20 ತೆಗೆದ ಹುಡುಗನ ಸರಾಸರಿ 60 ಬಂತು ಅಂತ ಪಾಸು ಮಾಡಿದ ಹಾಗೆ.

ಟಿವಿಗೆ ಬೇಕಾದ್ದಾದರೂ ಎಷ್ಟು? 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಇರಲಿ ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ಸಾಧಾರಣ ಎಚ್‌ಡಿಗೆ ಐದು ಸಾಕು. ನಿಮ್ಮ 94 ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಟಿವಿಗೆ ಬೇಕಿರುವುದು ಜಾಸ್ತಿ ನೀರಲ್ಲ, ನಿಲ್ಲದ ನೀರು.

ನೀರಿನ ಮಾತು ಬಂತು ನೋಡಿ, ಸಿನಿಮಾ ನಿಲ್ಲದೆ ಮ್ಯಾಚ್ ಮಾತ್ರ ಯಾಕೆ ನಿಲ್ಲುತ್ತೆ ಅನ್ನುವುದಕ್ಕೂ ಅಲ್ಲೇ ಉತ್ತರ ಇದೆ. ವಿಡಿಯೋ ಕೆಲವೇ ಸೆಕೆಂಡಿನ ತುಂಡುಗಳಾಗಿ ಬರುತ್ತೆ. ಸಿನಿಮಾ ಪೂರ್ತಿ ಸರ್ವರ್‌ನಲ್ಲಿ ಸಿದ್ಧವಾಗಿ ಇರುವುದರಿಂದ ಟಿವಿ ಮುಂದಿನ ತುಂಡುಗಳನ್ನು ಮೊದಲೇ ತಂದು ತುಂಬಿಸಿಕೊಳ್ಳುತ್ತೆ. ಅದು ಮನೆಯ ಸಂಪ್ ಇದ್ದ ಹಾಗೆ. ಕಾರ್ಪೊರೇಷನ್ ನೀರು ಸ್ವಲ್ಪ ಹೊತ್ತು ನಿಂತರೆ ಒಳಗಿದ್ದವರಿಗೆ ಗೊತ್ತೇ ಆಗಲ್ಲ. ಮ್ಯಾಚ್‌ನಲ್ಲಿ ಮುಂದಿನ ಬಾಲ್ ಇನ್ನೂ ಬೌಲ್ ಆಗಿಲ್ಲ. ಇಲ್ಲದ್ದನ್ನು ತುಂಬಿಸಿಕೊಳ್ಳುವುದು ಹೇಗೆ? ಕೈಯಲ್ಲಿ ಕೆಲವು ಸೆಕೆಂಡಿನ ತುಂಡು ಮಾತ್ರ ಇರುತ್ತೆ. ಸಂಪ್ ಇಲ್ಲದೆ ಬೀದಿ ನಲ್ಲಿಗೇ ಪೈಪ್ ಸಿಕ್ಕಿಸಿ ಸ್ನಾನಕ್ಕೆ ನಿಂತವರ ಸ್ಥಿತಿ. ನೀರು ಒಂದು ಕ್ಷಣ ನಿಂತರೂ ಕಣ್ಣಲ್ಲಿ ಸೋಪು. ಅಂದಹಾಗೆ, ಪಕ್ಕದ ಮನೆಯವರು ಸಿಕ್ಸರ್‌ಗೆ ಕೂಗಿ ಅರ್ಧ ನಿಮಿಷ ಆದ ಮೇಲೆ ನಿಮ್ಮ ಟಿವಿಯಲ್ಲಿ ಬೌಲರ್ ಓಡಿ ಬರುತ್ತಾನಲ್ಲ, ಅದಕ್ಕೆ ವಯರ್ ಪರಿಹಾರ ಅಲ್ಲ. ಅವರ ಮನೆಯಲ್ಲಿ ಡಿಶ್ ಇರುತ್ತೆ. ಇಂಟರ್ನೆಟ್‌ನಲ್ಲಿ ಬರುವ ಲೈವ್ ಯಾವಾಗಲೂ ಸ್ವಲ್ಪ ಹಿಂದೆ. ಅದನ್ನು ಸಹಿಸಿಕೊಳ್ಳಿ.

ಗೋಡೆಗೆ ಕೈ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಮಗನ ಲ್ಯಾಪ್‌ಟಾಪ್ ತಂದು ಟಿವಿಯ ಪಕ್ಕ ಇಡಿ, ವೈಫೈನಲ್ಲಿ. ಸಮಯ ರಾತ್ರಿ ಏಳೂವರೆಯಿಂದ ಎಂಟರೊಳಗೆ, ಮ್ಯಾಚ್ ಇರುವ ದಿನವೇ. ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಕಮಾಂಡ್ ಕೊಡಲು ಹೇಳಿ. ಅದರ ಮುಂದೆ ನಿಮ್ಮ ರೌಟರಿನ ವಿಳಾಸ, ಅಂದರೆ ಸಾಮಾನ್ಯವಾಗಿ 192.168.1.1. ಡಬ್ಬಿಯ ಅಡಿಯ ಸ್ಟಿಕ್ಕರ್‌ನಲ್ಲಿ ಬರೆದಿರುತ್ತೆ. ಕೊನೆಗೆ ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿಕೊಂಡಂತೆ ಟಿ ಅಕ್ಷರ ಹಾಕಿದರೆ ನಿಲ್ಲಿಸುವವರೆಗೂ ಓಡುತ್ತಲೇ ಇರುತ್ತೆ. ಸೆಕೆಂಡಿಗೊಂದು ಸಾಲು ಬರುತ್ತೆ. ಸಾಲಿನ ಕೊನೆಯ ಹತ್ತಿರ ಮಿಲಿಸೆಕೆಂಡ್ ಲೆಕ್ಕ ಇರುತ್ತೆ. ಅದನ್ನೇ ನೋಡ್ತಾ ಕೂರಿ. 3, 4, 3, 6, 4 ಅಂತ ಹೋಗುತ್ತಿದ್ದರೆ ನಿಮ್ಮ ಗಾಳಿ ಚೆನ್ನಾಗಿದೆ. 3, 5, 180, 4, 420, ಆಮೇಲೆ ಉತ್ತರವೇ ಇಲ್ಲ ಅಂತ ಬಂದರೆ ಕಳ್ಳ ಸಿಕ್ಕ. ಇಲ್ಲಿ ಮುಖ್ಯವಾದ್ದು, ನಾವು ಕೇಳುತ್ತಿರುವುದು ಹೊರಗಿನ ಯಾವುದೋ ಸೈಟನ್ನಲ್ಲ, ನಿಮ್ಮದೇ ಮೇಲಿನ ಕೋಣೆಯ ಡಬ್ಬಿಯನ್ನು. ಇಲ್ಲಿ ಕುಂಟಿದರೆ ರೋಗ ಮನೆಯೊಳಗೇ ಇದೆ. ಇಲ್ಲಿ ಸರಿಯಿದ್ದೂ ಟಿವಿ ನಿಂತರೆ ರೋಗ ಹೊರಗಿನ ಲೈನಿನಲ್ಲಿದೆ. ಆಗ ಗೋಡೆ ಕೊರೆದು ಪ್ರಯೋಜನ ಇಲ್ಲ, ಇಂಟರ್ನೆಟ್‌ನವರಿಗೇ ಫೋನ್ ಮಾಡಬೇಕು. ನಿಮ್ಮ ವಿಷಯದಲ್ಲಿ ವಯರ್ ಹಾಕಿದಾಗ ನಿಲ್ಲಲಿಲ್ಲ ಅಂತ ನೀವೇ ಹೇಳಿದ್ದರಿಂದ ರೋಗ ಒಳಗೇ ಅಂತ ನನಗೆ ಹೆಚ್ಚುಕಮ್ಮಿ ಖಾತ್ರಿ. ಆದರೂ ಒಂದು ದಿನದ ಅನುಭವ ಸಾಲದು. ನೋಡಿಬಿಡಿ.

ಕಳ್ಳ ಸಿಕ್ಕಿದರೆ ದುಡ್ಡು ಖರ್ಚಿಲ್ಲದ ಒಂದು ಮದ್ದು ಮೊದಲು ಪ್ರಯತ್ನಿಸಿ. ರೌಟರ್ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಟಿವಿ ತನಗೆ ತೋಚಿದ್ದಕ್ಕೆ ಅಂಟಿಕೊಳ್ಳುತ್ತೆ. ಮಧ್ಯಾಹ್ನ 5 ಗಿಗಾಹರ್ಟ್ಸ್‌ನಲ್ಲಿ ಇದ್ದದ್ದು ಒಮ್ಮೆ ತಪ್ಪಿಹೋಗಿ ಸಂಜೆಗೆ 2.4ಕ್ಕೆ ಇಳಿದಿರಬಹುದು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಮೂರೇ: 1, 6 ಮತ್ತು 11. ಬಡಾವಣೆಯ ಅಷ್ಟೂ ಮನೆ ಆ ಮೂರರಲ್ಲಿ ನುಗ್ಗಾಡಬೇಕು. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಓವನ್ ಕೂಡ ಅಲ್ಲೇ. 5ರಲ್ಲಿ ಜಾಗ ಜಾಸ್ತಿ. ಅದು ಗೋಡೆ, ಮೋಲ್ಡ್ ದಾಟುವುದರಲ್ಲಿ ದುರ್ಬಲ ನಿಜ, ಆದರೆ ಪಕ್ಕದ ಮನೆಯವರ ಸಿಗ್ನಲ್ಲೂ ಅಷ್ಟೇ ದುರ್ಬಲ ಅಲ್ವಾ, ಅದೂ ನಿಮ್ಮ ಹಾಲ್‌ಗೆ ಅಷ್ಟಾಗಿ ಬರಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಟಿವಿಗೆ 5ನ್ನು ಮಾತ್ರ ಕೊಟ್ಟು ನೋಡಿ. ಆ ಹೆಸರಿನ ಕೊನೆಯಲ್ಲಿ 5ಜಿ ಅಂತ ಇದ್ದರೆ ಗಾಬರಿಯಾಗಬೇಡಿ. ಮೊಬೈಲಿನ 5ಜಿಗೂ ಇದಕ್ಕೂ ಸಂಬಂಧ ಇಲ್ಲ. ನನ್ನನ್ನು ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ.

ಜೊತೆಗೆ ಡಬ್ಬಿ ಎಲ್ಲಿ ಕೂತಿದೆ ನೋಡಿ. ಸ್ಟೀಲ್ ಬೀರುವಿನ ಮೇಲೆ ಇಟ್ಟಿದ್ದರೆ, ಕೆಳಗಿನ ಅಂತಸ್ತಿಗೂ ಡಬ್ಬಿಗೂ ನಡುವೆ ತಗಡಿನ ತಡೆ ಹಾಕಿದ ಹಾಗೆ.

ಅಂಗಡಿಯವರ ಆರು ಆಂಟೆನಾ ವಿಷಯ. ವೈಫೈ 6, ಅಂದರೆ ವೈಫೈನ ಆರನೇ ತಲೆಮಾರು, ಒಳ್ಳೆಯದೇ. ಜನ ಜಾಸ್ತಿ ಇರುವ ತರಗತಿಯನ್ನು ಅದು ಹಳೆಯದಕ್ಕಿಂತ ಚೆನ್ನಾಗಿ ನಡೆಸುತ್ತೆ. ಆದರೆ ಮಾತಾಡುವ ಇಬ್ಬರಿಗೂ ಆ ಭಾಷೆ ಬರಬೇಕು. ನಿಮ್ಮ ಟಿವಿಯಲ್ಲಿ ವೈಫೈ 5ರ ಚಿಪ್ ಇದ್ದರೆ, ಈಗ ಬಳಕೆಯಲ್ಲಿರುವ ಎಷ್ಟೋ ಟಿವಿಗಳಲ್ಲಿ ಅದೇ ಇರುವುದು, ಹೊಸ ರೌಟರ್ ಅದರ ಜೊತೆ ಹಳೇ ಭಾಷೆಯಲ್ಲೇ ಮಾತಾಡುತ್ತೆ. ರೌಟರಿಗೆ ಆರು ಕೊಂಬಿದ್ದರೂ ಟಿವಿಗೆ ಇರುವುದು ಸಾಮಾನ್ಯವಾಗಿ ಎರಡೇ. ಪಕ್ಕದ ಮನೆಯವರ ಗದ್ದಲವನ್ನಂತೂ ನಿಮ್ಮ ರೌಟರ್ ಕಡಿಮೆ ಮಾಡಲಾರದು. ಆಮೇಲೆ ನಿಮ್ಮ ಮೆಟ್ಟಿಲ ಹತ್ತಿರ ಇಡಲು ಒಂದು ರಿಪೀಟರ್ ತಗೊಳ್ಳಿ ಅಂತಲೂ ಹೇಳಬಹುದು. ಅದಂತೂ ಬೇಡ. ಅಗ್ಗದ ರಿಪೀಟರ್ ಒಂದು ಕಿವಿಯಲ್ಲಿ ಕೇಳಿ ಅದನ್ನೇ ಮತ್ತೆ ಗಾಳಿಗೆ ಹೇಳುತ್ತೆ. ಒಂದೇ ಮಾತಿಗೆ ತರಗತಿಯಲ್ಲಿ ಎರಡು ಸಲ ಸಮಯ ಖರ್ಚು.

ಕರೆಂಟಿನ ಪ್ಲಗ್ಗಿಗೆ ಹಾಕಿ ಮನೆಯ ವಯರಿಂಗ್ ಮೂಲಕವೇ ಇಂಟರ್ನೆಟ್ ಕಳಿಸುವ ಅಡಾಪ್ಟರುಗಳೂ ಇವೆ. ನಮ್ಮ ಕಡೆ ನಾನು ಹೇಳುವುದಿಲ್ಲ. ಮೂರು ಫೇಸ್ ಇರುವ ಮನೆಯಲ್ಲಿ ಮೇಲಿನದೊಂದು ಫೇಸ್, ಕೆಳಗಿನದೊಂದು ಫೇಸ್ ಆಗಿದ್ದರೆ ಸರಿಯಾಗಿ ದಾಟಲ್ಲ. ನಡುವೆ ಇನ್ವರ್ಟರ್, ಸ್ಪೈಕ್ ಬಸ್ಟರ್ ಬಂದರೆ ಇನ್ನೂ ಕಷ್ಟ.

ಈಗ ವಯರ್. ನಿಮ್ಮ ಎಲೆಕ್ಟ್ರಿಷಿಯನ್ ಗೋಡೆ ಕೊರೆಯಬೇಕು ಅಂದನಲ್ಲ, ಅವನನ್ನು ಒಂದು ಪ್ರಶ್ನೆ ಕೇಳಿ: 'ಡಿಶ್ ಕೇಬಲ್ ಪೈಪ್ ಎಲ್ಲಪ್ಪಾ ಇಳಿದಿದೆ?' ನಮ್ಮ ಊರುಗಳಲ್ಲಿ ಈಗಿನ ಕಾಲದ ಮನೆ ಕಟ್ಟುವಾಗ ತಾರಸಿಯಿಂದ ಹಾಲ್‌ನ ಟಿವಿ ಜಾಗಕ್ಕೆ ಡಿಶ್ಶಿನ ಕೇಬಲಿಗಾಗಿಯೇ ಒಂದು ಪಿವಿಸಿ ಪೈಪ್ ಗೋಡೆಯೊಳಗೆ ಬಿಟ್ಟಿರುತ್ತಾರೆ. ಎಷ್ಟೋ ಮನೆಯಲ್ಲಿ ಅದು ಮೇಲಿನ ಅಂತಸ್ತಿನ ಒಂದು ಬಾಕ್ಸ್ ಹಾದು ಹೋಗುತ್ತೆ. ನೀವು ಈಗ ಡಿಶ್ ಬಿಟ್ಟಿದ್ದೀರಿ ಅಂದುಕೊಂಡಿದ್ದೇನೆ. ಒಳಗಿರುವ ಆ ಕಪ್ಪು ಅಥವಾ ಬಿಳಿ ದಪ್ಪ ಕೇಬಲ್ ಈಗ ಸುಮ್ನೆ ಬಿದ್ದಿದೆ. ಅದೇ ನಿಮ್ಮ ಹಗ್ಗ. ಅದರ ಒಂದು ತುದಿಗೆ ಹೊಸ ಲ್ಯಾನ್ ಕೇಬಲ್ ಕಟ್ಟಿ, ಇನ್ನೊಂದು ತುದಿಯಿಂದ ಎಳೆದರೆ ಹಳೆಯದು ಹೊರಗೆ ಬರುತ್ತಾ ಹೊಸದು ಒಳಗೆ ಕೂರುತ್ತೆ.

ಇದನ್ನು ಮಾಡುವ ಬಗೆ ಹೇಳುತ್ತೇನೆ, ಏಕೆಂದರೆ ಕೆಡುವುದು ಇಲ್ಲೇ. ಎರಡೂ ಕೇಬಲಿನ ತುದಿ ಅಕ್ಕಪಕ್ಕ ಇಟ್ಟು ಗಂಟು ಹಾಕಬೇಡಿ, ಬಾಗು ಬಂದಲ್ಲಿ ಗಂಟು ಸಿಕ್ಕಿಕೊಳ್ಳುತ್ತೆ. ಹಳೇ ಕೇಬಲಿನ ಮೇಲಿನ ಸಿಪ್ಪೆ ಒಂದು ಗೇಣು ಸುಲಿದು ಒಳಗಿನ ತಾಮ್ರದ ಕಡ್ಡಿ ಉಳಿಸಿಕೊಳ್ಳಿ. ಹೊಸ ಕೇಬಲಿನದೂ ಹಾಗೇ ಸುಲಿದು, ಒಳಗಿನ ನಾಲ್ಕು ಜೋಡಿ ತಂತಿಯಲ್ಲಿ ಎರಡು ಜೋಡಿ ಕತ್ತರಿಸಿ, ಉಳಿದ ಎರಡನ್ನು ಆ ಕಡ್ಡಿಗೆ ಹೊಸೆಯಿರಿ. ಮೇಲೆ ಇನ್ಸುಲೇಷನ್ ಟೇಪನ್ನು ಮೂಲಂಗಿಯ ಹಾಗೆ ಚೂಪಾಗಿ ಸುತ್ತಿ. ಪೈಪಿನ ಬಾಯಿಗೆ ಸ್ವಲ್ಪ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ಇಬ್ಬರು ಬೇಕು. ಒಬ್ಬರು ತಳ್ಳಬೇಕು, ಒಬ್ಬರು ಎಳೆಯಬೇಕು, ಇಬ್ಬರೂ ಕೂಗಿ ಮಾತಾಡಬೇಕು. ಎಳೆದಾದ ಮೇಲೆ ಆ ಹೊಸೆದ ತುದಿಯನ್ನು ಒಂದು ಅಡಿಯಷ್ಟು ಕತ್ತರಿಸಿ ಎಸೆಯಿರಿ. ಹಿಂಜಿಹೋದ ಆ ತಂತಿಗೆ ಪ್ಲಗ್ ಹಾಕುವುದು ಬೇಡ.

ಒಂದು ಕಟ್ಟುನಿಟ್ಟಿನ ಮಾತು. ಜಾಗ ಇದೆ ಅಂತ ಕರೆಂಟಿನ ವಯರ್ ಇರುವ ಪೈಪಿನೊಳಗೆ ಲ್ಯಾನ್ ಕೇಬಲ್ ಹಾಕಲು ಬಿಡಬೇಡಿ. 230 ವೋಲ್ಟ್ ತಂತಿಯ ಸಿಪ್ಪೆ ಸವೆದು ಇದಕ್ಕೆ ತಗುಲಿದರೆ ಟಿವಿ ಹೋಗುವುದಿರಲಿ, ಮನುಷ್ಯರೇ ಹೋಗಬಹುದು. ಡಿಶ್ ಪೈಪ್ ಸಿಗದಿದ್ದರೆ ಮೆಟ್ಟಿಲ ಗೋಡೆಯ ಮೂಲೆಯಲ್ಲಿ ಕೇಸಿಂಗ್ ಪಟ್ಟಿ ಹೊಡೆಸಿ. ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿದರೆ ಒಂದು ವಾರದಲ್ಲಿ ಕಣ್ಣು ಮರೆಯುತ್ತೆ.

ಕೇಬಲ್ ಯಾವುದು? ಲ್ಯಾನ್ ಕೇಬಲಿನಲ್ಲಿ ಕ್ಯಾಟ್ 6 ಅನ್ನುವ ದರ್ಜೆಯದು ತಗೊಳ್ಳಿ. ನಿಮ್ಮ ದೂರಕ್ಕೆ ಕ್ಯಾಟ್ 5ಇ ಕೂಡ ಧಾರಾಳ ಸಾಕು, ಅದು 100 ಮೀಟರ್‌ವರೆಗೆ 1,000 ಎಂಬಿಪಿಎಸ್ ಸಾಗಿಸುತ್ತೆ. ಆದರೆ ಗೋಡೆಯೊಳಗೆ ಹೋಗುವುದಲ್ವಾ, ಸ್ವಲ್ಪ ಮುಂದಿನದೇ ಇರಲಿ. ನಂಬರಿಗಿಂತ ಮುಖ್ಯ, ಒಳಗಿನದು ಪೂರ್ತಿ ತಾಮ್ರವೇ ಅಂತ ನೋಡುವುದು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ, ನೋಡಲು ಥೇಟ್ ಅದೇ. ಅಂಗಡಿಯಲ್ಲೇ ಒಂದು ತಂತಿ ಸುಲಿದು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ನಗುತ್ತಾ ವಾಪಸ್ ಕೊಡಿ. ಎರಡು ಸಲ ಬಗ್ಗಿಸಿದರೆ ಮುರಿಯುವ ಆ ಕೇಬಲನ್ನು ಗೋಡೆಯೊಳಗೆ ಹೂಳುವುದು ಯಾರಿಗೆ ಬೇಕು?

ಪ್ಲಗ್ ಹಾಕಿಸುವಾಗ ಎಂಟೂ ತಂತಿ ಹಾಕಿಸಿ. ಬಣ್ಣದ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. 100ರ ವೇಗಕ್ಕೆ ನಾಲ್ಕೇ ತಂತಿ ಸಾಕು, 1,000ಕ್ಕೆ ಎಂಟೂ ಬೇಕು. ನಮ್ಮ ಮನೆಯಲ್ಲೇ ಒಮ್ಮೆ ಕೆಲಸ ಬೇಗ ಮುಗಿಸಿ ಹೋದವರೊಬ್ಬರು ನಾಲ್ಕೇ ತಂತಿ ಕೂರಿಸಿ ಹೋಗಿದ್ದರು. ಟಿವಿ ನಡೆಯುತ್ತಿತ್ತು, ಟಿವಿ ಪೋರ್ಟ್ ಹೇಗೂ 100ರದು, ನನಗೆ ವರ್ಷವಾದರೂ ಗೊತ್ತಾಗಲಿಲ್ಲ. ಲ್ಯಾಪ್‌ಟಾಪ್ ಹಾಕಿದ ದಿನ ಸಿಕ್ಕಿಬಿತ್ತು. ಹಾಗಾಗಿ ಅವರು ಹೋಗುವ ಮುಂಚೆ ಮಗನ ಲ್ಯಾಪ್‌ಟಾಪನ್ನು ಕೆಳಗಿನ ತುದಿಗೆ ಚುಚ್ಚಿ ಸ್ಪೀಡ್ ಟೆಸ್ಟ್ ಮಾಡಿಸಿ. 200ರ ಹತ್ತಿರ ಬರಬೇಕು. ಅಲ್ಲೂ 94ಕ್ಕೇ ನಿಂತರೆ ಒಂದೋ ಪ್ಲಗ್ ಸರಿಯಿಲ್ಲ, ಇಲ್ಲವೇ ಡಬ್ಬಿಯ ಅಥವಾ ಲ್ಯಾಪ್‌ಟಾಪಿನ ಪೋರ್ಟೇ 100ರದು.

ನಿಮ್ಮ ಊರು ಶಿವಮೊಗ್ಗ ಆದ್ದರಿಂದ ಸಿಡಿಲಿನ ಮಾತು ಹೇಳಲೇಬೇಕು. ಮನೆಯೊಳಗೆ ಓಡುವ ಲ್ಯಾನ್ ಕೇಬಲ್‌ಗೆ ನಾನು ಹೆದರುವುದಿಲ್ಲ. ತಾರಸಿ ಮೇಲೆ, ಅಂಗಳ ದಾಟಿ, ತೋಟದ ಮನೆಗೆ ಅಂತ ಹೊರಗೆ ಓಡುವ ತಾಮ್ರದ ಕೇಬಲ್‌ಗೆ ಹೆದರುತ್ತೇನೆ. ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆ ಮನೆಯಲ್ಲಿ ಅಡಿಕೆ ಒಣಗಿಸುವ ಅಂಗಳದ ಮೇಲಿನಿಂದ ಹೊರಮನೆಗೆ ಹೀಗೇ ಎಳೆದಿದ್ದರು. ಒಂದು ಏಪ್ರಿಲ್ ಸಂಜೆ ಮಳೆ ಬರುವ ಮುಂಚೆ ಸಿಡಿಲು ಹೊಡೆಯಿತು. ಮನೆಗೇನೂ ಬಡಿದಿರಲಿಲ್ಲ, ಎಲ್ಲೋ ತೋಟದಾಚೆ. ಟಿವಿ ಹೊತ್ತಿತು, ಚಿತ್ರ ಬಂತು, ಎಲ್ಲರೂ ಬದುಕಿದೆವು ಅಂದುಕೊಂಡರು. ಆದರೆ ಲ್ಯಾನ್ ಪೋರ್ಟ್ ಮಾತ್ರ ಸತ್ತಿತ್ತು. ರೌಟರಿನಲ್ಲೂ ಆ ಕೇಬಲ್ ಚುಚ್ಚಿದ್ದ ಒಂದೇ ಪೋರ್ಟ್ ಸತ್ತಿತ್ತು. ಆ ಟಿವಿ ಇವತ್ತಿಗೂ ವೈಫೈನಲ್ಲೇ ನಡೆಯುತ್ತಿದೆ. ಹೊರಗೆ ಓಡಲೇಬೇಕಾದರೆ ಫೈಬರ್ ಎಳೆಸಿ. ಅದು ಗಾಜು, ಕರೆಂಟ್ ಹರಿಯಲ್ಲ. ನಿಮ್ಮಲ್ಲಿ ಡಿಶ್ ಪೈಪಿನ ಮೇಲಿನ ಬಾಯಿ ತಾರಸಿಯಲ್ಲಿ ತೆರೆದುಕೊಂಡಿದ್ದರೂ ಲ್ಯಾನ್ ಕೇಬಲ್ ಅಲ್ಲಿಗೆ ಹೋಗುವುದು ಬೇಡ. ಮೇಲಿನ ಅಂತಸ್ತಿನ ಬಾಕ್ಸಿನಲ್ಲೇ ಹೊರಬರಲಿ. ಗುಡುಗು ಜೋರಾದರೆ ಟಿವಿಯ ಕರೆಂಟಿನ ಪ್ಲಗ್ ತೆಗೆಯುವಾಗ ಇದನ್ನೂ ತೆಗೆದಿಡಿ.

ಕೇಬಲ್ ಕೆಳಗೆ ಬಂತು ಅಂದರೆ ಅದನ್ನು ಟಿವಿಗೆ ಮಾತ್ರ ಮೀಸಲಿಡಬೇಡಿ. ಐದು ಪೋರ್ಟಿನ ಸಣ್ಣ ಗಿಗಾಬಿಟ್ (1,000 ಎಂಬಿಪಿಎಸ್) ಸ್ವಿಚ್, ಅಂದರೆ ಒಂದು ಲ್ಯಾನ್ ಕೇಬಲನ್ನು ಹಲವಕ್ಕೆ ಹಂಚುವ ಡಬ್ಬಿ ಒಂದನ್ನು ಟಿವಿ ಸ್ಟ್ಯಾಂಡಿನ ಹಿಂದೆ ಇಡಿ. ಒಂದು ಬಾಯಿಗೆ ಮೇಲಿಂದ ಬಂದ ಕೇಬಲ್, ಒಂದಕ್ಕೆ ಟಿವಿ. ಇನ್ನೊಂದಕ್ಕೆ ನಿಮ್ಮ ಹಳೇ ರೌಟರ್ ಎಲ್ಲಾದರೂ ಅಟ್ಟದ ಮೇಲಿದ್ದರೆ ಅದನ್ನು ಹಾಕಿ. ಅದರ ವಿಳಾಸ ಹಂಚುವ ಕೆಲಸ, ಅಂದರೆ ಡಿಎಚ್‌ಸಿಪಿ, ನಿಲ್ಲಿಸಬೇಕು. ಅದರ ಸ್ವಂತ ವಿಳಾಸ ಬದಲಿಸಬೇಕು. ಕೇಬಲನ್ನು ಹೊರಗಿನ ಲೈನ್ ಹಾಕುವ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಚುಚ್ಚಬೇಕು. ಮಗನಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ. ಆಗ ಕೆಳಗಿನವರ ಫೋನಿಗೂ ಹತ್ತಿರದಲ್ಲೇ ವೈಫೈ ಸಿಗುತ್ತೆ. ಮೇಲೆ ಮಗನ ಮೀಟಿಂಗ್ ಕೂಡ ಹಗುರಾಗುತ್ತೆ, ಯಾಕೆಂದರೆ ತರಗತಿಯಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದ ಟಿವಿ ಈಗ ಎದ್ದು ಹೊರಗೆ ಹೋಗಿದೆ.

ಮೊಬೈಲಿನಿಂದ ಟಿವಿಗೆ ವಿಡಿಯೋ ಕಳಿಸುವುದು ವಯರ್ ಹಾಕಿದ ಮೇಲೆ ನಿಲ್ಲುತ್ತಾ ಅಂತ ಮೊಮ್ಮಕ್ಕಳು ಕೇಳಬಹುದು. ನಿಲ್ಲಲ್ಲ. ಟಿವಿ ವಯರಿನಲ್ಲಿ, ಫೋನ್ ವೈಫೈನಲ್ಲಿ ಇದ್ದರೂ ಎರಡೂ ಒಂದೇ ಡಬ್ಬಿಯ ಮಕ್ಕಳಾಗಿದ್ದರೆ ಸಾಕು. ಫೋನ್ ಗೆಸ್ಟ್ ನೆಟ್‌ವರ್ಕ್‌ನಲ್ಲಿ, ಅಂದರೆ ಅತಿಥಿಗಳಿಗೆಂದು ಬೇರೆ ಮಾಡಿದ ವೈಫೈನಲ್ಲಿ, ಇದ್ದರೆ ಮಾತ್ರ ಟಿವಿ ಕಾಣಿಸಲ್ಲ.

ವಯರೇ ಯಾವಾಗಲೂ ಗೆಲ್ಲುತ್ತೆ ಅಂತಲೂ ನಾನು ಹೇಳಲ್ಲ. 4ಕೆ ಬ್ಲೂರೇ ಡಿಸ್ಕುಗಳ ಪೂರ್ತಿ ಗುಣಮಟ್ಟದ ಫೈಲುಗಳನ್ನು ಮನೆಯ ಹಾರ್ಡ್‌ಡಿಸ್ಕ್ ಸರ್ವರ್‌ನಲ್ಲಿ ಇಟ್ಟುಕೊಂಡು ನೋಡುವ ಹುಚ್ಚು ಕೆಲವರಿಗಿದೆ. ಆ ಡಿಸ್ಕಿನ ವೇಗ 128 ಎಂಬಿಪಿಎಸ್‌ವರೆಗೂ ಏರಬಹುದು. ಅಂಥ ದೃಶ್ಯ ಬಂದಾಗ ಟಿವಿಯ 100ರ ಪೋರ್ಟ್ ಉಸಿರುಗಟ್ಟುತ್ತೆ. ಒಳ್ಳೇ 5 ಗಿಗಾಹರ್ಟ್ಸ್ ವೈಫೈ, ರೌಟರ್ ಅದೇ ಕೋಣೆಯಲ್ಲಿದ್ದರೆ, ಅಲ್ಲಿ ವಯರಿಗಿಂತ ವಾಸಿ. ಇಲ್ಲವೇ ಗಿಗಾಬಿಟ್ ಪೋರ್ಟ್ ಇರುವ, ಟಿವಿಗೆ ಜೋಡಿಸುವ ಬೇರೆ ಸ್ಟ್ರೀಮಿಂಗ್ ಪೆಟ್ಟಿಗೆ ತಗೊಳ್ಳಬೇಕು. ಅದನ್ನೂ ಕೊಳ್ಳುವ ಮುಂಚೆ ಓದಿ ನೋಡಬೇಕು. 2022ರ ಆ್ಯಪಲ್ ಟಿವಿ 4ಕೆಯಲ್ಲಿ 128 ಜಿಬಿಯದ್ದಕ್ಕೆ ಗಿಗಾಬಿಟ್ ಪೋರ್ಟ್ ಇದೆ, 64 ಜಿಬಿಯದ್ದಕ್ಕೆ ಪೋರ್ಟೇ ಇಲ್ಲ. ಬಾಡಿಗೆ ಮನೆಯವರು, ರೌಟರ್ ಟಿವಿಯ ಎದುರಿಗೇ ಇರುವವರು, ಬರೀ ಸಿನಿಮಾ ಧಾರಾವಾಹಿ ನೋಡುವವರು, ಇವರೂ ವೈಫೈನಲ್ಲೇ ಆರಾಮಾಗಿ ಇರಬಹುದು. ಟಿವಿ ಹಿಂದೆ ಎಚ್‌ಡಿಎಂಐ ಬಾಯಿಗೆ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿಕೊಂಡವರಿಗೆ ಒಂದು ಕಿವಿಮಾತು. ಸ್ಟಿಕ್ ಜೊತೆ ಬರುವ ಗೇಣುದ್ದದ ಎಚ್‌ಡಿಎಂಐ ತುಂಡನ್ನು ಡಬ್ಬದಲ್ಲೇ ಬಿಡಬೇಡಿ. ಟಿವಿಯ ಲೋಹದ ಬೆನ್ನಿಗೆ ಅಂಟಿಕೊಂಡ ಸ್ಟಿಕ್‌ಗೆ ಸಿಗ್ನಲ್ ಸರಿಯಾಗಿ ಸಿಗಲ್ಲ, ಅದನ್ನು ಸ್ವಲ್ಪ ಹೊರಗೆ ಇಳಿಬಿಡಲೆಂದೇ ಆ ತುಂಡು ಕೊಟ್ಟಿರುವುದು.

ನಿಮ್ಮ ಮಟ್ಟಿಗೆ ಈ ಭಾನುವಾರದ ಕೆಲಸ ಇಷ್ಟು. ಮೇಲಿನ ಕೋಣೆಯ ಬಾಕ್ಸಿನ ಮುಚ್ಚಳ ತೆಗೆದು ಡಿಶ್ ಕೇಬಲ್ ಇದೆಯಾ ನೋಡಿ. ಅದನ್ನು ಹಿಡಿದು ಮೆಲ್ಲಗೆ ಅಲುಗಿಸಿ. ಕೆಳಗೆ ಟಿವಿ ಹತ್ತಿರ ಮನೆಯವರನ್ನು ನಿಲ್ಲಿಸಿ, ತುದಿ ಅಲುಗುತ್ತಾ ಕೇಳಿ. ಅಲುಗಿದರೆ ಗೋಡೆ ಕೊರೆಯುವುದು ತಪ್ಪಿತು. ಅಲುಗದಿದ್ದರೆ ಜೋರು ಮಾಡಬೇಡಿ, ಪೈಪ್ ಎಲ್ಲೋ ಜಜ್ಜಿರುತ್ತೆ, ಆಗ ಕೇಸಿಂಗ್ ಪಟ್ಟಿಯೇ ಗತಿ. ಇನ್ನೊಂದು, ಹಳೇ ಕೇಬಲನ್ನು ಎಳೆಯುವ ಮುಂಚೆ ಇನ್ನೊಂದು ತುದಿಗೆ ಹೊಸದನ್ನು ಕಟ್ಟಿದೆಯಾ ಅಂತ ಸ್ವತಃ ಹೋಗಿ ನೋಡಿಕೊಂಡು ಬನ್ನಿ. ಮೇಲಿಂದ 'ಕಟ್ಟಾಯ್ತು' ಅಂತ ಕೂಗು ಕೇಳಿಸಿದ್ದನ್ನೇ ನಂಬಿ ನಾನೊಮ್ಮೆ ಪೂರ್ತಿ ಎಳೆದು ಹಾಕಿದ್ದೆ. ಅವರು ಕೂಗಿದ್ದು 'ಕಾಫಿ ಆಯ್ತು' ಅಂತ.